ಬಕೆಟ್ಟಿಗೆ ಬತ್ತಿ, ಬ್ಯಾಗಿಗೆ ಬಣ್ಣ

ಹೊರಡುವ ಹಿಂದಿನ ದಿನ

ನಮ್ಮ ತಾರಸಿಯಲ್ಲಿ ನಲವತ್ತಮೂರು ಕುಂಡಗಳಿವೆ. ಏಪ್ರಿಲ್ ಮುಗಿಯುವ ಹೊತ್ತಿಗೆ ತುಮಕೂರಿನ ಬಿಸಿಲು ಅವನ್ನು ಹುರಿಯೋಕೆ ಶುರು ಮಾಡುತ್ತದೆ. ಎರಡು ದಿನ ನೀರು ತಪ್ಪಿದರೆ ಕಥೆ ಮುಗಿಯಿತು. ನಾನು ಹೊರಟಿರುವುದು ಎಂಟು ದಿನಕ್ಕೆ.

ಶಾಲೆಗೆ ಬೇಸಿಗೆ ರಜ. ಮೂರು ವರ್ಷದಿಂದ ವಾಟರ್ ಕಲರ್ ಹಿಡಿದುಕೊಂಡಿದ್ದೇನೆ. ಕಲಿಸುವವರು ಯಾರೂ ಇಲ್ಲ, ಸುಮ್ನೆ ನನ್ನಷ್ಟಕ್ಕೆ ನಾನೇ. ಈ ರಜದಲ್ಲಿ ತೋಟಗಳನ್ನು ನೋಡಿಕೊಂಡು, ಕೂತಲ್ಲಿ ಚಿತ್ರ ಬರೆದುಕೊಂಡು ಊಟಿಯವರೆಗೆ ಹೋಗಿಬರುವ ಆಸೆ. ಜೊತೆಗೆ ಅತ್ತಿಗೆ. ಅಣ್ಣನ ಹೆಂಡತಿ, ಮುಂದಿನ ಬೀದಿಯಲ್ಲೇ ಮನೆ. ಅವರಿಗೆ ಚಿತ್ರದ ಗೊಡವೆ ಇಲ್ಲ, ಗಿಡದ್ದು ಮಾತ್ರ. ಯಾರ ಮನೆಗೆ ಹೋದರೂ ಕಾಫಿ ಬರುವಷ್ಟರಲ್ಲಿ ಹಿತ್ತಲಲ್ಲಿ ಇರುತ್ತಾರೆ.

ನನ್ನ ಕೈಯಲ್ಲಿ ಗಿಡ ಸಾಯುವುದೂ ಚಿತ್ರ ಕೆಡುವುದೂ ಒಂದೇ ಕಾರಣಕ್ಕೆ ಅಂತ ಮೊದಲು ಹೇಳಿದ್ದು ಅತ್ತಿಗೆಯೇ. ನೀರು ಜಾಸ್ತಿ. ಮೇಲಿನ ಮಣ್ಣು ಒಣಗಿದ್ದು ಕಂಡ ತಕ್ಷಣ ಮಗ್ಗು ಎತ್ತುತ್ತೇನೆ. ಬೆರಳು ಎರಡನೇ ಗೆಣ್ಣಿನವರೆಗೆ ಇಳಿಸಿ ನೋಡಿದರೆ ಒಳಗೆ ಹಸಿಯೇ ಇರುತ್ತದೆ. ಕಾಗದದ ಮೇಲೂ ಅಷ್ಟೇ. ಬಣ್ಣ ಹಾಕಿ ಸುಮ್ಮನಿರಲಾರದೆ ಇನ್ನೊಂದು ಬ್ರಶ್ ನೀರು ಬಿಡುತ್ತೇನೆ. ಹಸಿರು ಹೋಗಿ ರಾಡಿ ಆಗುತ್ತದೆ.

ಎದುರು ಮನೆಯ ಹುಡುಗ ದಿನಾ ಸಂಜೆ ನೀರು ಹಾಕುತ್ತೇನೆ ಎಂದ. ಹತ್ತನೇ ಕ್ಲಾಸು ಮುಗಿಸಿದ ಹುಡುಗನ ಮಾತು, ಅರ್ಧ ನಂಬಿದೆ. ಉಳಿದರ್ಧಕ್ಕೆ ಬತ್ತಿ. ಹಳೇ ಪಂಚೆಯನ್ನು ಬೆರಳಗಲ ಹರಿದು ಹುರಿ ಮಾಡಿ, ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದು ತುದಿ ಕುಂಡದ ಮಣ್ಣಿಗೆ ನಾಲ್ಕು ಬೆರಳು ಆಳಕ್ಕೆ ಹೂತೆ. ಬತ್ತಿಯನ್ನು ಮೊದಲೇ ಪೂರ್ತಿ ನೆನೆಸಿರಬೇಕು, ಇಲ್ಲದಿದ್ದರೆ ನೀರು ಏರುವುದಿಲ್ಲ. ಹಿಂದಿನ ವಾರ ಪರೀಕ್ಷೆಗೆಂದು ಬಕೆಟ್ಟನ್ನು ಸ್ಟೂಲ್ ಮೇಲೆ ಇಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಬಕೆಟ್ ಖಾಲಿ, ಕುಂಡ ಕೆರೆ! ಬಕೆಟ್ ಎತ್ತರದಲ್ಲಿದ್ದರೆ ಬತ್ತಿ ಪೈಪಿನ ಹಾಗೆ ಇಳಿಸಿಬಿಡುತ್ತದೆ. ಕುಂಡದ ಸಮಕ್ಕೆ ಇಟ್ಟ ಮೇಲೆ ಬೇಕಾದಷ್ಟೇ ಹೀರಿಕೊಂಡಿತು. ಹನ್ನೆರಡು ಕುಂಡಗಳಿಗೆ ಮೂರು ಬಕೆಟ್. ಸೊಳ್ಳೆ ಬಾರದಿರಲಿ ಅಂತ ಮೇಲೊಂದು ತಟ್ಟೆ ಮುಚ್ಚಿದೆ.

ಅತ್ತಿಗೆ ಮೆಟ್ಟಿಲು ಹತ್ತಿ ಬಂದವರು ನೋಡಿ ನಕ್ಕರು. "ಏನೇ ಇದು, ಆಸ್ಪತ್ರೆ ವಾರ್ಡ್ ಆಗಿದೆಯಲ್ಲ. ಎಲ್ಲಾದಕ್ಕೂ ಡ್ರಿಪ್ಸ್ ಏರಿಸಿದ್ದೀಯ!"

ಮೊದಲ ದಿನ: ಲಾಲ್‌ಬಾಗ್

ಬೆಳಗಿನ ಟ್ರೇನಿಗೆ ಬೆಂಗಳೂರು. ಲಾಲ್‌ಬಾಗಿನ ಗೇಟು ದಾಟುವಾಗ ಒಂಬತ್ತೂವರೆ. ಅದೇ ತಪ್ಪಾಗಿದ್ದು.

ನನ್ನ ತಲೆಯಲ್ಲಿ ಇದ್ದದ್ದು ಗುಲ್‌ಮೊಹರ್. ಮೇ ಮೊದಲ ವಾರ ಅಂದರೆ ಮರದಲ್ಲಿ ಎಲೆಗಿಂತ ಕೆಂಪು ಜಾಸ್ತಿ. ಒಂದು ಒಳ್ಳೆಯ ಮರ ಸಿಕ್ಕಿತು. ಮಡಚುವ ಸ್ಟೂಲ್ ಹಾಕಿ, ಆಕಾಶಕ್ಕೆ ತೆಳು ನೀಲಿ ಬಳಿದೆ. ಅದು ಒದ್ದೆ ಇರುವಾಗಲೇ ಕೆಂಪು ಮುಟ್ಟಿಸಿದರೆ ಹೂವಿನ ಗೊಂಚಲು ಮೆತ್ತಗೆ ಹರಡಿಕೊಳ್ಳಬೇಕು, ಲೆಕ್ಕ ಅದು. ಕೆಂಪು ಕಲೆಸಿ ಬ್ರಶ್ ಎತ್ತುವಷ್ಟರಲ್ಲಿ ಆಕಾಶ ಒಣಗಿ ಕೂತಿತ್ತು. ಹಚ್ಚಿದ ಕೆಂಪು ಹರಡಲಿಲ್ಲ, ಕುಂಕುಮದ ಬೊಟ್ಟಿನ ಹಾಗೆ ಇಟ್ಟಲ್ಲೇ ನಿಂತಿತು. ಇನ್ನೊಂದು ಕಡೆ ನೀರು ಸವರಿ ಪ್ರಯತ್ನಿಸಿದೆ. ಅದರ ಅಂಚು ಗೆರೆ ಕೊರೆದ ಹಾಗೆ ಒಣಗಿತು. ಹನ್ನೊಂದು ಗಂಟೆಗೆ ನನ್ನ ಮರಕ್ಕೆ ಸಿಡುಬು ಎದ್ದಿತ್ತು.

ನಡೆಯಲು ಬಂದಿದ್ದ ಅಜ್ಜ ಒಬ್ಬರು ಹಿಂದೆ ನಿಂತು ತುಂಬ ಹೊತ್ತು ನೋಡಿ, "ಟೊಮೇಟೊ ಗಿಡವೇನಮ್ಮಾ?" ಎಂದರು. ಹೌದು ಎಂದುಬಿಟ್ಟೆ.

ಅತ್ತಿಗೆ ಅಷ್ಟರಲ್ಲಿ ಬೋರ್ಡುಗಳನ್ನೆಲ್ಲ ಓದಿ ಬಂದಿದ್ದರು. ಲಾಲ್‌ಬಾಗ್ ಶುರುವಾಗಿದ್ದು 1760ರಲ್ಲಿ, ಹೈದರಾಲಿ ಕಾಲದಲ್ಲಿ. ಈಗ 240 ಎಕರೆ. ನಮಗೆ ಬೆಂಗಳೂರಿನ ಸ್ವಂತ ಮರಗಳು ಅನ್ನಿಸುವ ಎಷ್ಟೋ ಮರ ಪರದೇಶದವು. ಗುಲ್‌ಮೊಹರ್ ಮಡಗಾಸ್ಕರಿನದು, ಟಬೂಬಿಯ ದಕ್ಷಿಣ ಅಮೆರಿಕದ್ದು. ಒಂದಾದ ಮೇಲೆ ಒಂದು ಹೂ ಬಿಟ್ಟು ಊರು ವರ್ಷವಿಡೀ ಬಣ್ಣದಲ್ಲಿರಬೇಕು ಅಂತ ಮರಗಳನ್ನು ಆರಿಸಿ ಹಾಕಿಸಿದ್ದು ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರ. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡದಲ್ಲಿ ಕೆಲಸ ಮಾಡಿ, 1908ರಲ್ಲಿ ಲಾಲ್‌ಬಾಗಿಗೆ ಬಂದವನು. 1956ರಲ್ಲಿ ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ. ಒಂದು ಊರನ್ನು ಹನ್ನೆರಡು ತಿಂಗಳ ಕಾಗದ ಅಂತ ತಿಳಿದುಕೊಂಡ ಮನುಷ್ಯ. ನನಗೆ ಒಂದು ಹಾಳೆ ಸಂಭಾಳಿಸೋಕೆ ಆಗುತ್ತಿಲ್ಲ.

ಮಧ್ಯಾಹ್ನ ಬೂರುಗದ ಮರದ ಬುಡದಲ್ಲಿ ಬುತ್ತಿ ಬಿಚ್ಚಿದೆವು. ಆ ಮರ ನೋಡಿದವರಿಗೆ ಗೊತ್ತು, ಅದರ ಬೇರು ಬೇರಲ್ಲ, ಗೋಡೆ. ಎರಡು ಬೇರಿನ ನಡುವೆ ಒಂದು ಸಂಸಾರ ಕೂರಬಹುದು. ಅಲ್ಲಿ ನೆರಳು ಗಟ್ಟಿಯಾಗಿತ್ತು. ಬೇರಿನ ಮಡಿಕೆಯೊಳಗೆ ನೋಡಿದರೆ ಬೂದು, ಅದರ ಪಕ್ಕ ನೇರಳೆ, ತಳದಲ್ಲಿ ಕಾಫಿ ಪುಡಿಯ ಬಣ್ಣ. ಬಣ್ಣ ಬೇಗ ಒಣಗುವುದಾದರೆ ಒಣಗಲಿ ಎಂದುಕೊಂಡು, ಬ್ರಶ್ಶಿನ ನೀರನ್ನು ಬಟ್ಟೆಗೆ ಒತ್ತಿ, ಒಣ ಬ್ರಶ್ಶಲ್ಲೇ ಎಳೆದೆ. ತೊಗಟೆಯ ಒರಟು ತಾನಾಗಿ ಬಂತು. ಅಂಗೈ ಅಗಲದ ಚಿತ್ರ. ಇಡೀ ದಿನದಲ್ಲಿ ಉಳಿದಿದ್ದು ಅದೊಂದೇ.

ಎರಡನೇ ದಿನ: ಮತ್ತೆ ಲಾಲ್‌ಬಾಗ್

ಈ ಸಲ ಆರೂಕಾಲಿಗೇ ಬಂಡೆಯ ಮೇಲೆ. ಕೆಂಪೇಗೌಡನ ಗೋಪುರ ಇರುವ ಈ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಕಲ್ಲು ಇನ್ನೂ ತಣ್ಣಗಿತ್ತು, ಕಾಗದವೂ. ಹಚ್ಚಿದ ಬಣ್ಣ ಮೂರು ನಿಮಿಷ ಒದ್ದೆ ನಿಂತಿತು. ನಿನ್ನೆ ಅರ್ಧ ನಿಮಿಷವೂ ಕೊಟ್ಟಿರಲಿಲ್ಲ. ಗಿಡಕ್ಕೆ ಏಳು ಗಂಟೆಯೊಳಗೆ ನೀರು ಹಾಕಬೇಕು ಎಂದು ಅತ್ತಿಗೆ ಯಾವಾಗಲೂ ಬಯ್ಯುವುದು ಇದಕ್ಕೇ ಇರಬೇಕು. ಆಮೇಲೆ ಹಾಕಿದರೆ ಬೇರಿಗಿಂತ ಬಿಸಿಲು ಜಾಸ್ತಿ ಕುಡಿಯುತ್ತದೆ.

ಬಂಡೆಯಿಂದ ಇಳಿದು ಗಾಜಿನ ಮನೆ. 1889ರಲ್ಲಿ ಅಡಿಗಲ್ಲು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಚಿತ್ರಕ್ಕೆ ಕೂತೆ, ಎದ್ದೆ. ಅಷ್ಟೊಂದು ಕಂಬಿ ಎಣಿಸಿ ಬರೆಯುವ ತಾಳ್ಮೆ ನನಗಿಲ್ಲ. ಅದನ್ನು ಕಟ್ಟಿಸಿದ ಕಾಲದಲ್ಲಿ ತೋಟ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್. ಸೀಮೆಬದನೆಯನ್ನು ಬೆಂಗಳೂರಿಗೆ ತಂದು ಹಬ್ಬಿಸಿದ್ದು ಅವರೇ ಎನ್ನುತ್ತಾರೆ. ಇದನ್ನು ಅತ್ತಿಗೆಗೆ ಹೇಳಿದ್ದೇ ತಪ್ಪಾಯಿತು. ಅವರಿಗೆ ಆಗಲೇ ಸೀಮೆಬದನೆ ಬಳ್ಳಿ ಬೇಕು ಅನ್ನಿಸಿತು.

ಸಂಜೆ ಮೈಸೂರಿನ ಟ್ರೇನ್. ಇಳಿದವರು ಲಾಡ್ಜಿಗೂ ಹೋಗದೆ ತರಕಾರಿ ಅಂಗಡಿಗೆ ನುಗ್ಗಿದರು. ಅಂಗಡಿಯವನು ಹೊಸ ಕಾಯಿ ತೋರಿಸಿದರೆ ಬೇಡ ಎಂದು, ಮೂಲೆಯಲ್ಲಿ ಬಿದ್ದಿದ್ದ ಸುಕ್ಕುಗಟ್ಟಿದ ಒಂದನ್ನು ಎತ್ತಿಕೊಂಡರು. ಅದರ ಬಾಯಿಯಿಂದ ತಿಳಿಹಸಿರು ಮೊಳಕೆ ನಾಲಿಗೆ ಚಾಚಿದ ಹಾಗೆ ಇಣುಕುತ್ತಿತ್ತು. ಸೀಮೆಬದನೆಯ ಬೀಜವನ್ನು ತೆಗೆದು ಒಣಗಿಸಿ ಬಿತ್ತೋಕೆ ಆಗುವುದಿಲ್ಲ. ಬೀಜ ಕಾಯಿಯ ಒಳಗೇ ಮೊಳೆಯುತ್ತದೆ, ಇಡೀ ಕಾಯಿಯನ್ನೇ ನೆಡಬೇಕು. ಅಂಗಡಿಯವನು ಅದಕ್ಕೆ ದುಡ್ಡೇ ತೆಗೆದುಕೊಳ್ಳಲಿಲ್ಲ.

"ಇನ್ನೂ ಆರು ದಿನ ತಿರುಗಬೇಕು ಅತ್ತಿಗೆ, ಇದನ್ನ ಎಲ್ಲಿ ಹೊತ್ಕೊಂಡು ಹೋಗ್ತೀರಿ?"

"ನಿನ್ನ ಬಣ್ಣದ ಡಬ್ಬಿ ಹೊರ್ತಿಲ್ವಾ ನೀನು? ಇದೂ ಬರುತ್ತೆ ಬಿಡು."

ಮೂರನೇ ದಿನ: ಮೈಸೂರು

ಈ ದಿನದ ಬಗ್ಗೆ ನಿಧಾನವಾಗಿ ಹೇಳಬೇಕು.

ತೋಟ ನೋಡಲು ಹೊರಟವರು ಜಗನ್ಮೋಹನ ಅರಮನೆಗೆ ಹೋಗಿದ್ದು ಬಿಸಿಲು ತಪ್ಪಿಸಿಕೊಳ್ಳುವುದಕ್ಕೆ. ಅರಮನೆ ಕಟ್ಟಿದ್ದು 1861ರಲ್ಲಿ, ಚಿತ್ರಶಾಲೆಯಾಗಿದ್ದು 1915ರಲ್ಲಿ. ಅಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಕ್ಯಾಲೆಂಡರಿನಲ್ಲಿ ನೋಡದವರು ಯಾರಿದ್ದಾರೆ? ಎಷ್ಟೋ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಅದು ಎಸ್.ಎಲ್. ಹಲ್ದಾಂಕರ್ ಅವರದು, 1945–46ರಲ್ಲಿ ಬರೆದದ್ದು. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ.

ಮತ್ತೆ, ಅದು ಎಣ್ಣೆಬಣ್ಣವಲ್ಲ. ವಾಟರ್ ಕಲರ್.

ಇದು ತಿಳಿದ ಮೇಲೆ ನೋಡುವುದೇ ಬೇರೆ. ಕೋಣೆ ಕತ್ತಲು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆರಳ ಸಂದಿಯಲ್ಲಿ ಬೆಳಕು ಸೋರಿ ಬೆರಳೇ ಕೆಂಪಗೆ ಕಾಣುತ್ತದೆ. ಚಿಕ್ಕವರಿದ್ದಾಗ ಕರೆಂಟು ಹೋದರೆ ಟಾರ್ಚಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆವಲ್ಲ, ಅದೇ ಕೆಂಪು. ಮುಖದ ಮೇಲೆ, ಸೆರಗಿನ ಮೇಲೆ ಬೆಳಕು ಬರುತ್ತಾ ಬರುತ್ತಾ ಕತ್ತಲಲ್ಲಿ ಕರಗುತ್ತದೆ. ಎಲ್ಲಿ ಕರಗಿತು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ.

ವಾಟರ್ ಕಲರಿನಲ್ಲಿ ಬೆಳಕನ್ನು ಹಚ್ಚುವುದಿಲ್ಲ, ಉಳಿಸಿಕೊಳ್ಳುತ್ತೇವೆ. ಬಿಳಿ ಅನ್ನುವುದು ಬಣ್ಣ ಮುಟ್ಟದ ಕಾಗದ. ಒಮ್ಮೆ ಬಣ್ಣ ಹೀರಿಕೊಂಡ ಮೇಲೆ ಕಾಗದ ಅದನ್ನು ಪೂರ್ತಿ ವಾಪಸು ಕೊಡುವುದಿಲ್ಲ. ಎಣ್ಣೆಬಣ್ಣದವರು ತಪ್ಪಿನ ಮೇಲೆ ಇನ್ನೊಂದು ಬಳಿದು ಮುಚ್ಚಬಹುದು. ನಮಗೆ ಆ ಸೌಕರ್ಯ ಇಲ್ಲ. ಅಂದರೆ ಅಷ್ಟು ಕತ್ತಲನ್ನು ಪದರ ಪದರವಾಗಿ ಹಚ್ಚುವಾಗ, ಪ್ರತಿ ಪದರ ಒಣಗುವವರೆಗೂ ಕಾದು, ಆ ದೀಪದ ಸುತ್ತ ಒಂದು ಹನಿ ತಪ್ಪದ ಹಾಗೆ ನೋಡಿಕೊಂಡಿರಬೇಕು. ನಾನು ಒಂದು ಪದರ ಹಚ್ಚಿ ಮೂರು ನಿಮಿಷ ಕಾಯಲಾರದೆ ಕೆಡಿಸುವವಳು.

ಎಷ್ಟು ಹೊತ್ತು ನಿಂತಿದ್ದೆನೋ. ಹಿಂದಿನಿಂದ ಬಂದ ಹುಡುಗರ ಗುಂಪು ಒಮ್ಮೆ ನೋಡಿ ಹೋಯಿತು, ಇನ್ನೊಂದು ಗುಂಪು ಬಂತು. ಅತ್ತಿಗೆ ಪಕ್ಕಕ್ಕೆ ಬಂದು ಮೆಲ್ಲಗೆ, "ಅವಳ ಸೀರೆ ಎಷ್ಟು ಚೆನ್ನಾಗಿದೆ ಅಲ್ವಾ?" ಎಂದರು. ನಿಜ ಹೇಳಬೇಕೆಂದರೆ ನಾನು ಸೀರೆ ನೋಡಿಯೇ ಇರಲಿಲ್ಲ. ನೋಡಿದೆ. ಅಂಚಿನಲ್ಲಿ ಬೆಳಕು ಒಂದು ಎಳೆಯಷ್ಟೇ ಇತ್ತು.

ಲಾಡ್ಜಿಗೆ ಬಂದು ಒಂದು ಸಣ್ಣ ಹಾಳೆಯಲ್ಲಿ ಮೇಜಿನ ಮೇಲಿದ್ದ ಸೀಮೆಬದನೆ ಬರೆದೆ. ಮೊಳಕೆಯ ಜಾಗ ಖಾಲಿ ಬಿಟ್ಟು, ಸುತ್ತ ಮಾತ್ರ ಬಣ್ಣ. ಒಂದು ಪದರ ಹಚ್ಚಿ ಸ್ನಾನಕ್ಕೆ ಹೋದೆ. ಇನ್ನೊಂದು ಹಚ್ಚಿ ಊಟಕ್ಕೆ. ಚಿತ್ರ ಸುಮಾರಾಗಿ ಬಂತು, ಆದರೆ ರಾಡಿ ಆಗಲಿಲ್ಲ.

ನಾಲ್ಕನೇ ದಿನ: ಬೃಂದಾವನ

ಬೃಂದಾವನಕ್ಕೆ ಕಳೆದ ಸಲ ಬಂದಿದ್ದು ಏಳನೇ ಕ್ಲಾಸಿನ ಪ್ರವಾಸದಲ್ಲಿ. ಆಗ ನೆನಪಿದ್ದದ್ದು ಬಣ್ಣದ ಕಾರಂಜಿ ಮತ್ತು ಬಸ್ಸಿನಲ್ಲಿ ವಾಂತಿ.

ಈ ಸಲ ನೋಡಿದ್ದು ಮೆಟ್ಟಿಲು. ಕೆಆರ್‌ಎಸ್ ಅಣೆಕಟ್ಟಿನ ಕೆಳಗೆ ತೋಟ ಹಂತ ಹಂತವಾಗಿ ಇಳಿಯುತ್ತದೆ, ನಡುವೆ ನೀರಿನ ಕಾಲುವೆ. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಕಾಶ್ಮೀರದ ಶಾಲಿಮಾರ್ ತೋಟವನ್ನು ಮನಸ್ಸಿನಲ್ಲಿಟ್ಟು ಮಾಡಿಸಿದ್ದು. 1927ರಲ್ಲಿ ಕೆಲಸ ಶುರು, 1932ರಲ್ಲಿ ಮುಗಿಯಿತು. ಇದರ ವಿನ್ಯಾಸದಲ್ಲೂ ನಮ್ಮ ಕ್ರುಂಬಿಗಲ್ ಕೈ ಇದೆ.

ಅತ್ತಿಗೆಗೆ ಅಷ್ಟೊಂದು ಇಷ್ಟವಾಗಲಿಲ್ಲ. ಗಿಡಗಳನ್ನೆಲ್ಲ ಕತ್ತರಿಸಿ ಡಬ್ಬಿ ಮಾಡಿದ್ದಾರೆ, ಒಂದಕ್ಕಾದರೂ ಕೈ ಕಾಲು ಚಾಚಲು ಬಿಟ್ಟಿಲ್ಲ ಎಂದರು. ಇದರಲ್ಲಿ ನಾನು ಅವರ ಪರ. ಆದರೆ ನೀರು ಒಂದು ಹಂತದಿಂದ ಇನ್ನೊಂದಕ್ಕೆ ಬೀಳುವಾಗ ಗಾಜಿನ ಹಾಳೆಯಂತೆ ಬಾಗುತ್ತಿತ್ತು. ಪೆನ್ಸಿಲಿನಲ್ಲಿ ಅದನ್ನೇ ಎರಡು ಪುಟ ತುಂಬಿಸಿದೆ. ಮೇ ತಿಂಗಳಲ್ಲಿ ಈ ತೋಟದಲ್ಲಿ ಕೂತು ಅಣೆಕಟ್ಟಿನ ಕಡೆ ನೋಡಿದರೆ ಯಾರಿಗೂ ಒಂದೇ ಯೋಚನೆ. 124.80 ಅಡಿ ಭರ್ತಿ ಅಂತ ಮಕ್ಕಳಿಗೂ ಬಾಯಿಪಾಠ. ಈಗ ಎಷ್ಟಿದೆಯೋ ಅಂತ ಪಕ್ಕದ ಬೆಂಚಿನವರು ಮಾತಾಡಿಕೊಳ್ಳುತ್ತಿದ್ದರು. ಕಾರಂಜಿಗೆ ಮಾತ್ರ ಬರ ಇರಲಿಲ್ಲ.

ಐದನೇ ದಿನ: ಊಟಿ ಬಸ್

ಮೈಸೂರಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ. ಕಿಟಕಿಯಲ್ಲಿ ಆನೆ ಕಾಣಬಹುದೆಂದು ಬಸ್ಸೆಲ್ಲ ಕಾಯುತ್ತಿತ್ತು. ಕಂಡಿದ್ದು ಜಿಂಕೆ ಮತ್ತು ಲಂಟಾನ. ಕಾಡಿನ ಅಂಚಿನ ಉದ್ದಕ್ಕೂ ಲಂಟಾನ. ಚೆಂದದ ಹೂ ಅಂತ ತೋಟಕ್ಕೆ ತಂದ ಗಿಡ ಬೇಲಿ ಹಾರಿ ಹೋಗಿ ಕಾಡನ್ನೇ ನುಂಗಿದೆ, ಅಡಿಯಲ್ಲಿ ಹುಲ್ಲು ಹುಟ್ಟಲು ಬಿಡುವುದಿಲ್ಲ. ಅತ್ತಿಗೆ ತಮ್ಮ ಬ್ಯಾಗಿನ ಕಡೆ ಒಮ್ಮೆ ನೋಡಿಕೊಂಡರು. ನಾನು ಏನೂ ಹೇಳಲಿಲ್ಲ.

ನೀಲಗಿರಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧ. ಗೊತ್ತಿತ್ತು. ಊಟ ತಿಂಡಿಗೆಲ್ಲ ಸ್ಟೀಲ್ ಡಬ್ಬಿ ತಂದಿದ್ದೆ. ಬ್ರಶ್ ತೊಳೆಯುವ ನೀರಿನ ಹಳೇ ಬಾಟಲಿ ಮಾತ್ರ ತಲೆಗೇ ಹೊಳೆದಿರಲಿಲ್ಲ. ಚೆಕ್‌ಪೋಸ್ಟಿನಲ್ಲಿ ಅದು ಹೋಯಿತು. ಒಳಗಿದ್ದ ನೇರಳೆ ನೀರನ್ನು ನೋಡಿ ಆತ ಏನಂದುಕೊಂಡರೋ. ಮುಂದಿನ ಮೂರು ದಿನ ಅತ್ತಿಗೆಯ ಕಾಫಿ ಲೋಟವೇ ನನ್ನ ಬಣ್ಣದ ಲೋಟ.

ಆರನೇ ದಿನ: ಊಟಿ ತೋಟ

ಬೆಳಗ್ಗೆ ಎದ್ದಾಗ ಉಸಿರು ಹೊಗೆಯಾಗಿ ಬಂತು. ಊಟಿ 2240 ಮೀಟರ್ ಎತ್ತರದಲ್ಲಿದೆ. ಸಸ್ಯೋದ್ಯಾನ ಇರುವುದು ದೊಡ್ಡಬೆಟ್ಟದ ಇಳಿಜಾರಿನಲ್ಲಿ. ತಮಿಳುನಾಡಿನಲ್ಲಿ ನಿಂತು 'ದೊಡ್ಡಬೆಟ್ಟ' ಎಂದು ಬೋರ್ಡಿನಲ್ಲಿ ಓದುವಾಗ ನೆಂಟರ ಮನೆಗೆ ಬಂದ ಹಾಗಾಗುತ್ತದೆ.

ಈ ತೋಟ ಮೊದಲು ಹೂವಿನದಾಗಿರಲಿಲ್ಲ. 1847ರಲ್ಲಿ ಇಲ್ಲಿದ್ದ ಯುರೋಪಿಯನ್ನರು ಚಂದಾ ಹಾಕಿಕೊಂಡು ತರಕಾರಿ ಬೆಳೆಸಿದ್ದರು. ಮರುವರ್ಷ ಮೆಕ್‌ಐವರ್ ಎಂಬ ತೋಟಗಾರ ಬಂದು ತೋಟ ರೂಪಿಸಲು ಶುರು ಮಾಡಿದಾಗ ಮೇಲ್ಭಾಗ ಕಾಡು, ಕೆಳಭಾಗ ಜೌಗು. ಇವತ್ತು ಜನ ಹುಲ್ಲುಹಾಸು ಅಂತ ಫೋಟೊ ತೆಗೆಸಿಕೊಳ್ಳುವ ಜಾಗ ಆಗ ಕಾಲು ಹೂತುಹೋಗುವ ಕೆಸರು. ನೀರನ್ನು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸಿದ ಮೇಲೇ ತೋಟ ಆಗಿದ್ದು. ಇದನ್ನು ಕೇಳಿ ಅತ್ತಿಗೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ತೂತಿಲ್ಲದ ಕುಂಡಕ್ಕೆ ಗುಲಾಬಿ ಹಾಕಿದ್ದನ್ನು ಅವರು ಇನ್ನೂ ಮರೆತಿಲ್ಲ.

ಹೂವಿನ ಪ್ರದರ್ಶನ ಹತ್ತಿರ ಬಂದಿತ್ತು. 1896ರಿಂದ ನಡೆದು ಬಂದದ್ದು. ಸಾವಿರಾರು ಕುಂಡಗಳನ್ನು ಹೆಂಗಸರು ಸಾಲಾಗಿ ಮೆಟ್ಟಿಲಿನ ಮೇಲೆ ಜೋಡಿಸುತ್ತಿದ್ದರು. ಒಬ್ಬಾಕೆ ಬಡಗ ಸಮುದಾಯದವರು. ಅವರ ಮಾತು ಅರ್ಧಕ್ಕರ್ಧ ನಮಗೆ ತಿಳಿಯುತ್ತಿತ್ತು. ನೀರಿಗೆ ಅವರೂ ನೀರು ಎಂದೇ ಅನ್ನುತ್ತಾರೆ. ಅತ್ತಿಗೆ ಕನ್ನಡದಲ್ಲಿ, ಆಕೆ ಬಡಗದಲ್ಲಿ, ಅರ್ಧ ಗಂಟೆ ಮಾತಾಡಿದರು. ಮಾತು ಪೂರ್ತಿ ಗೊಬ್ಬರದ ಮೇಲೆ. ಆಕೆ ನೀರು ಹಾಕುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಪ್ರತಿ ಕುಂಡವನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಇಡುತ್ತಾರೆ. ಹಗುರ ಇದ್ದರೆ ನೀರು, ಭಾರ ಇದ್ದರೆ ಮುಂದಿನದು. ಬೆರಳೂ ಇಳಿಸುವುದಿಲ್ಲ. ಹತ್ತು ಕುಂಡದಲ್ಲಿ ನಾಲ್ಕಕ್ಕೋ ಐದಕ್ಕೋ ಮಾತ್ರ ನೀರು ಬಿತ್ತು.

ಚಿತ್ರದ ಕಥೆ ಇಲ್ಲಿ ತಿರುಗಾಮುರುಗಾ. ಇಲ್ಲಿ ಬಣ್ಣ ಒಣಗುವುದೇ ಇಲ್ಲ! ಜರೀಗಿಡಗಳ ಮುಂದೆ ಕೂತು ಮೊದಲ ಪದರ ಹಚ್ಚಿದೆ. ಇಪ್ಪತ್ತು ನಿಮಿಷ ಆದರೂ ಕಾಗದ ಮಿರಿಮಿರಿ. ಮಂಜು ಬೇರೆ ಇಳಿಯಿತು. ತಡೆಯಲಾರದೆ ಎರಡನೇ ಹಸಿರು ಮುಟ್ಟಿಸಿದೆ. ಅರೆ ಒಣಗಿದ ಬಣ್ಣದ ಮೇಲೆ ಜಾಸ್ತಿ ನೀರು ಬಿದ್ದರೆ, ಆ ನೀರು ಮೊದಲಿನ ಬಣ್ಣವನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಹೂಕೋಸಿನ ಅಂಚಿನ ಹಾಗೆ ಕಲೆ ಏಳುತ್ತದೆ. ನನ್ನ ಜರೀಗಿಡದ ನಡುವೆ ಎರಡು ಹೂಕೋಸು ಬೆಳೆದವು. ಶುರುವಾಗಿದ್ದು ತರಕಾರಿ ತೋಟವಾಗಿಯೇ ಅಲ್ವಾ, ಸರಿ ಬಿಡು ಎಂದುಕೊಂಡೆ.

ಮೂರನೇ ಹಾಳೆಗೆ ಉಪಾಯ ಬದಲಾಯಿಸಿದೆ. ಒಂದು ಪದರ ಹಚ್ಚಿ, ಹಾಳೆ ಎತ್ತಿಕೊಂಡು ಗೇಟಿನ ಹೊರಗಿನ ಟೀ ಅಂಗಡಿಗೆ ಹೋದೆ. ಒಲೆಯಿಂದ ಒಂದು ಮೊಳ ದೂರ ಹಿಡಿದು ನಿಂತೆ. ಅಂಗಡಿಯವರು ಹಪ್ಪಳ ಸುಡುವವಳನ್ನು ನೋಡುವ ಹಾಗೆ ನೋಡಿದರು. ವರ್ಕಿ ಬಿಸ್ಕತ್ತು ತಿಂದು, ಟೀ ಕುಡಿದು, ವಾಪಸು ಬಂದು ಎರಡನೇ ಪದರ. ಮತ್ತೆ ಅಂಗಡಿ. ಮೂರು ಪದರಕ್ಕೆ ಮೂರು ಟೀ. ನಾಲ್ಕನೆಯದಕ್ಕೆ ಅವರೇ ಕೈ ಚಾಚಿ, "ಕೊಡಮ್ಮಾ" ಅಂತ ತಮಿಳಿನಲ್ಲಿ ಹೇಳಿ, ಹಾಳೆ ಇಸಿದುಕೊಂಡು ಒಣಗಿಸಿಕೊಟ್ಟರು. ಈ ಪ್ರವಾಸದ ಒಳ್ಳೆಯ ಚಿತ್ರ ಅದು. ಮೂಲೆಯಲ್ಲಿ ಒಂದು ಟೀ ಹನಿ ಇದೆ.

ಏಳನೇ ದಿನ: ಕೂನೂರು

ಆಟಿಕೆ ರೈಲಿನಲ್ಲಿ ಕೂನೂರಿಗೆ. ರೈಲು ಜಾರದ ಹಾಗೆ ಹಳಿಗಳ ನಡುವೆ ಹಲ್ಲುಗಂಬಿ ಇರುವ ಕಡಿದಾದ ದಾರಿ ಕೂನೂರಿನಿಂದ ಕೆಳಗೆ ಕಲ್ಲಾರಿನವರೆಗೆ, ನಾವು ಬಂದ ಭಾಗದಲ್ಲಿ ಅದಿಲ್ಲ. ದಾರಿಯುದ್ದಕ್ಕೂ ಅತ್ತಿಗೆ ಬೇಲಿಗಳ ಮೇಲೆ ಸೀಮೆಬದನೆ ಬಳ್ಳಿ ಎಣಿಸಿದರು. ಇಲ್ಲಿ ಅದು ಕೇಳುವವರಿಲ್ಲದೆ ಹಬ್ಬಿಕೊಂಡಿದೆ.

ಸಿಮ್ಸ್ ಪಾರ್ಕ್ 1874ರದು. ಕಣಿವೆಯ ಎರಡೂ ಮಗ್ಗುಲಿಗೆ ತೋಟ, ತಳದಲ್ಲಿ ಸಣ್ಣ ಕೊಳ. ಊಟಿಗಿಂತ ನನಗೆ ಇದು ಹಿಡಿಸಿತು. ಇಲ್ಲಿ ಮರಗಳಿಗೆ ವಯಸ್ಸಾಗಲು ಬಿಟ್ಟಿದ್ದಾರೆ. ಹತ್ತು ಗಂಟೆಗೆ ಮಳೆ ಹಿಡಿಯಿತು. ಬಿಡಲೇ ಇಲ್ಲ. ಬಣ್ಣದ ಡಬ್ಬಿ ತೆಗೆಯಲಿಲ್ಲ. ಛಾವಣಿಯ ಕೆಳಗೆ ಕೂತು ಅತ್ತಿಗೆಗೆ ರಂಗಯ್ಯ, ಗೋವಿಂದು ಕಥೆ ಹೇಳಿದೆ.

ರಾಬರ್ಟ್ ವೈಟ್ ಅಂತ ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಸರ್ಜನ್. ದಕ್ಷಿಣ ಭಾರತದ ಗಿಡಗಳನ್ನು ದಾಖಲಿಸಲು ಹೊರಟವನು, ನೀಲಗಿರಿಯ ಗಿಡಗಳ ಮೇಲೂ 1840ರ ದಶಕದಲ್ಲಿ ಪುಸ್ತಕ ತಂದವನು. ಅವನ ಪುಸ್ತಕಗಳಿಗೆ ಗಿಡಗಳ ಚಿತ್ರ ಬರೆದವರು ಇಬ್ಬರು ದಕ್ಷಿಣ ಭಾರತದವರು, ಮೊದಲು ರಂಗಯ್ಯ, ಆಮೇಲೆ ಗೋವಿಂದು. ಕಿತ್ತು ತಂದ ಗಿಡ ಬಾಡುವುದರೊಳಗೆ ಬರೆಯಬೇಕು. ಎಲೆಯ ನರ, ಹೂವನ್ನು ಸೀಳಿದರೆ ಒಳಗಿನ ಕೇಸರ, ಬೀಜ, ಎಲ್ಲ ಅಳತೆಗೆ ಸರಿಯಾಗಿ. ವೈಟ್ ಒಂದು ಆರ್ಕಿಡ್ ಕುಲಕ್ಕೆ 'ಗೋವಿಂದೂಯಾ' ಎಂದು ಹೆಸರಿಟ್ಟ. ಸಸ್ಯಶಾಸ್ತ್ರದವರು ಈಗ ಆ ಹೆಸರು ಬಳಸುವುದಿಲ್ಲ, ಇನ್ನೊಂದು ಹೆಸರಿನೊಳಗೆ ಸೇರಿಸಿಬಿಟ್ಟಿದ್ದಾರೆ.

"ಪಾಪ," ಎಂದರು ಅತ್ತಿಗೆ. ಸ್ವಲ್ಪ ಹೊತ್ತು ಬಿಟ್ಟು, "ಮಳೇಲಿ ಅವರು ಹೇಗೆ ಒಣಗಿಸ್ತಿದ್ರಂತೆ?" ಎಂದರು. ಚಿತ್ರದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಂಟನೇ ದಿನ: ಮನೆ

ರಾತ್ರಿ ಹತ್ತಕ್ಕೆ ಬಂದಿಳಿದವಳು ಚಪ್ಪಲಿಯನ್ನೂ ಬಿಡದೆ ಟಾರ್ಚ್ ಹಿಡಿದು ತಾರಸಿಗೆ ಓಡಿದೆ.

ಹುಡುಗ ಮಾತು ಉಳಿಸಿಕೊಂಡಿದ್ದ. ಅವನ ಪಾಲಿನ ಗಿಡಗಳೆಲ್ಲ ನಗುತ್ತಿದ್ದವು. ನನ್ನ ಬತ್ತಿಯ ಹನ್ನೆರಡರಲ್ಲಿ ಹತ್ತು ಚೆನ್ನಾಗಿದ್ದವು. ಎರಡು ಹೋಗಿದ್ದವು. ಒಂದು ಪುದೀನ, ಇನ್ನೊಂದು ಅಬ್ಬಲಿಗೆ. ಎರಡೂ ಬಕೆಟ್ಟಿಗೆ ದೂರದ ಕುಂಡಗಳು. ಬತ್ತಿ ಮುಟ್ಟಿ ನೋಡಿದೆ. ಬಕೆಟ್ಟಿನ ಕಡೆಯ ತುದಿ ಒದ್ದೆ, ನಡುವೆ ಗರಿಗರಿ. ಉದ್ದ ಬಿಟ್ಟಿದ್ದ ಬತ್ತಿ ಬಿಸಿಲಿಗೆ ಬಿದ್ದಿತ್ತು. ನೀರು ಕುಂಡ ಮುಟ್ಟುವ ಮೊದಲೇ ಆರಿಹೋಗಿತ್ತು, ನನ್ನ ಲಾಲ್‌ಬಾಗಿನ ಆಕಾಶದ ಹಾಗೆ. ಬತ್ತಿಗೆ ಒಂದು ಪೈಪಿನ ತುಂಡು ತೊಡಿಸಿದ್ದರೆ ಸಾಕಿತ್ತು.

ಪುದೀನ ಕುಂಡ ಎತ್ತಿ ನೋಡಿದೆ, ಊಟಿಯ ಆಕೆ ಎತ್ತಿದ ಹಾಗೆ. ಬೆಂಡಿನಷ್ಟು ಹಗುರ. ಮಣ್ಣು ಕುಗ್ಗಿ ಕುಂಡದ ಗೋಡೆ ಬಿಟ್ಟಿತ್ತು. ಈಗ ಮೇಲಿಂದ ಸುರಿದರೆ ಸಂದಿಯಲ್ಲಿ ಇಳಿದು ತಳದಿಂದ ಹೊರಗೆ ಹೋಗುತ್ತದೆ. ಕುಂಡವನ್ನು ನೀರು ತುಂಬಿದ ಟಬ್ಬಿನಲ್ಲಿ ಕೂರಿಸಿ ಮಲಗಿದೆ. ಬುಡದಲ್ಲಿ ಜೀವ ಇದ್ದರೆ ಪುದೀನ ಚಿಗುರುತ್ತದೆ. ಅಬ್ಬಲಿಗೆಯ ಆಸೆ ಬಿಟ್ಟೆ.

ಬೆಳಗ್ಗೆ ಆರಕ್ಕೇ ಅತ್ತಿಗೆ ಬಂದರು, ಕೈಯಲ್ಲಿ ಸೀಮೆಬದನೆ. ಆರು ದಿನದ ತಿರುಗಾಟದಲ್ಲಿ ಮೊಳಕೆ ಗೇಣುದ್ದ ಆಗಿತ್ತು. ತುದಿಯಲ್ಲಿ ಎರಡು ಪುಟ್ಟ ಎಲೆ, ಒಂದು ಕುಡಿ ಆಗಲೇ ಹಿಡಿಯುವುದಕ್ಕೆ ಏನಾದರೂ ಇದೆಯಾ ಎಂದು ಹುಡುಕುತ್ತಿತ್ತು. ಇಷ್ಟೂ ದಿನ ಅದಕ್ಕೆ ಯಾರೂ ಒಂದು ಹನಿ ನೀರು ಕೊಟ್ಟಿರಲಿಲ್ಲ. ತುಮಕೂರಿನ ಬಿಸಿಲಿಗೆ ತಡೆಯುತ್ತದೋ ಇಲ್ಲವೋ, ತೊಟ್ಟಿಯ ಗೋಡೆಯ ನೆರಳಿನಲ್ಲಿ ಇಟ್ಟು ನೋಡೋಣ ಎಂದರು. ಅಬ್ಬಲಿಗೆ ಇದ್ದ ಕುಂಡದಲ್ಲೇ ಹೊಸ ಮಣ್ಣು ತುಂಬಿ, ಕಾಯಿಯನ್ನು ಓರೆಯಾಗಿ ಇಟ್ಟು, ಮೊಳಕೆ ಮೇಲೆ ಕಾಣುವ ಹಾಗೆ ಮುಕ್ಕಾಲು ಪಾಲು ಮುಚ್ಚಿದರು.

ನಾನು ಮಗ್ಗು ತುಂಬಿಕೊಂಡು ಬಂದೆ.

"ಬೇಡ ಕಣೇ. ಅದರ ಹೊಟ್ಟೇಲೇ ನೀರಿದೆ. ಬೇರು ಬಿಡೋವರೆಗೆ ಸುಮ್ನೆ ಇರು, ಇಲ್ಲಾಂದ್ರೆ ಕೊಳೆತುಹೋಗುತ್ತೆ."

ಮಣ್ಣು ಹಸಿಯಾಗುವಷ್ಟು ಕೈಯಲ್ಲಿ ಚಿಮುಕಿಸಿ ಅವರು ಕೈ ತೊಳೆಯಲು ಇಳಿದರು. ಬಿಸಿಲು ಇನ್ನೂ ಗೋಡೆ ದಾಟಿರಲಿಲ್ಲ. ಮಗ್ಗು ಕೈಯಲ್ಲೇ ಇತ್ತು. ಪಕ್ಕಕ್ಕೆ ಇಟ್ಟು, ಅದರಲ್ಲೇ ಬ್ರಶ್ ಅದ್ದಿ, ಕುಂಡದ ಮುಂದೆ ಕೂತೆ. ಎರಡು ಎಲೆಯ ಜಾಗ ಬಿಳಿ ಬಿಟ್ಟು ಮೊದಲ ಪದರ ಹಚ್ಚಿದೆ. ಒಣಗಲಿ ಅಂತ ಕಾಫಿ ಮಾಡಲು ಕೆಳಗೆ ಹೋದೆ.